ಅಹೋರಾತ್ರಿ ಸಂಗೀತ: ಬಳಕೆದಾರರ ಕೈಪಿಡಿ

ಅಭಿನಂದನೆಗಳು. ನೀವೀಗ ಒಂದು ಇಡೀ ರಾತ್ರಿಯ ಒಡೆಯರು. ಬಳಸುವ ಮುನ್ನ ಈ ಕೈಪಿಡಿಯನ್ನು ಪೂರ್ತಿ ಓದಿ. ಓದಿದ ಮೇಲೆ ಮಡಚಿ ಅದರ ಮೇಲೆ ಕೂತುಕೊಳ್ಳಿ. ಎರೆನೆಲದ ಥಂಡಿ ಜಮಖಾನೆಯನ್ನು ದಾಟಿ ಬರುತ್ತದೆ, ಕಾಗದ ಒಂದಿಷ್ಟು ತಡೆಯುತ್ತದೆ.

ಈ ಮಾದರಿ ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳ ಹಳ್ಳಿಗಳಿಗೆಂದೇ ತಯಾರಾದದ್ದು. ದೊಡ್ಡ ಊರಿನ ಹವಾನಿಯಂತ್ರಿತ ಸಭಾಂಗಣದಲ್ಲಿ ಇದನ್ನು ಚಲಾಯಿಸಲು ಹೋಗಬೇಡಿ. ಅಲ್ಲಿನ ಸಂಗೀತ ಸಂಜೆ ಆರಕ್ಕೆ ಶುರುವಾಗಿ ಒಂಬತ್ತೂವರೆಗೆ ಪಾರ್ಕಿಂಗ್ ಗದ್ದಲದಲ್ಲಿ ಮುಗಿಯುತ್ತದೆ. ಅದಕ್ಕೆ ಕೈಪಿಡಿ ಬೇಕಿಲ್ಲ, ಟಿಕೆಟ್ ಸಾಕು.

ಉಪಕರಣದ ಪರಿಚಯ

ಅಹೋರಾತ್ರಿ ಎಂದರೆ ಹಗಲೂ ಇರುಳೂ ಎಂದು ನಿಘಂಟು ಹೇಳುತ್ತದೆ. ನಮ್ಮ ಕಡೆ ಅದರಲ್ಲಿ ಹಗಲು ಇಲ್ಲ. ರಾತ್ರಿ ಊಟವಾಗಿ ಮುಸುರಿ ತೊಳೆದ ಮೇಲೆ ಶುರುವಾಗಿ, ಎತ್ತಿಗೆ ಮೇವು ಹಾಕುವ ಹೊತ್ತಿಗೆ ಮುಗಿಯುವುದು ಅಹೋರಾತ್ರಿ. ನೆಪ ಯಾವುದಾದರೂ ಆದೀತು: ಶಿವರಾತ್ರಿಯ ಜಾಗರಣೆ, ಮಠದ ಅಜ್ಜಾರ ಪುಣ್ಯಸ್ಮರಣೆ, ಊರ ದೇವರ ಜಾತ್ರೆ. ಎಲ್ಲದಕ್ಕಿಂತ ಹೆಚ್ಚು ಕೇಳಿಬರುವ ನೆಪ ಗದಗಿನ ವೀರೇಶ್ವರ ಪುಣ್ಯಾಶ್ರಮದ ಇಬ್ಬರು ಗವಾಯಿಗಳದು. ಪಂಚಾಕ್ಷರ ಗವಾಯಿಗಳು 1892ರಲ್ಲಿ ಹುಟ್ಟಿ 1944ರಲ್ಲಿ ಲಿಂಗೈಕ್ಯರಾದರು. ಪುಟ್ಟರಾಜ ಗವಾಯಿಗಳು 1914ರಲ್ಲಿ ಹುಟ್ಟಿ 2010ರವರೆಗೆ ನಮ್ಮ ನಡುವೆ ಇದ್ದರು. ಇಬ್ಬರಿಗೂ ಕಣ್ಣಿರಲಿಲ್ಲ. ಇಬ್ಬರೂ ಕೂಡಿ ಈ ಸೀಮೆಗೆ ಕಿವಿ ಕೊಟ್ಟರು. ಕಣ್ಣಿಲ್ಲದ ಮಕ್ಕಳಿಗೆ, ದಿಕ್ಕಿಲ್ಲದ ಮಕ್ಕಳಿಗೆ ಊಟ ಹಾಕಿ ಸ್ವರ ಕಲಿಸಿದ ಆ ಆಶ್ರಮದಿಂದ ಬಸವರಾಜ ರಾಜಗುರುಗಳೂ ಬಂದರು, ವೆಂಕಟೇಶಕುಮಾರರೂ ಬಂದರು. ಅವರಷ್ಟೇ ಅಲ್ಲ, ಹೆಸರು ಪತ್ರಿಕೆಗೆ ಬರದ ನೂರಾರು ಪೇಟಿ ಮಾಸ್ತರರು, ತಬಲಾ ಮಾಸ್ತರರೂ ಬಂದರು. ನಮ್ಮ ಹಳ್ಳಿಗಳಲ್ಲಿ ಪೇಟಿ ಬಾರಿಸುವ ಯಾರ ಬೆನ್ನು ಹತ್ತಿ ಹೋದರೂ ಬಹಳ ಮಟ್ಟಿಗೆ ಕೊನೆಗೆ ಆಶ್ರಮದ ಬಾಗಿಲಲ್ಲಿ ಹೋಗಿ ನಿಲ್ಲುತ್ತೀರಿ.

ಇನ್ನೊಂದು ಹೆಸರು ನಿಮಗೆ ಗೊತ್ತಿರುವುದೇ. ರೋಣದವರು ಎದೆ ಉಬ್ಬಿಸಿ ನಮ್ಮವರು ಎನ್ನುವ ಭೀಮಸೇನ ಜೋಶಿ, ಹುಟ್ಟಿದ್ದು 1922ರ ಫೆಬ್ರವರಿ 4ರಂದು. ಈ ಹೆಸರಿನಿಂದಾಗಿ ಉಪಕರಣದಲ್ಲಿ ಒಂದು ತಯಾರಿಕಾ ದೋಷ ಉಳಿದುಬಿಟ್ಟಿದೆ. ರೋಣದ ಸುತ್ತ ಯಾರೇ ಹಾಡಲಿ, ಪಕ್ಕದಲ್ಲಿ ಕೂತ ಹಿರಿಯರು ಎಲೆ-ಅಡಿಕೆ ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ, "ಚಲೋ ಐತಿ. ಆದ್ರ ಭೀಮಣ್ಣಾರು ಹಿಂಗ ಹಾಡ್ತಿರಲಿಲ್ಲ" ಎನ್ನುತ್ತಾರೆ. ದುರಸ್ತಿಗೆ ಪ್ರಯತ್ನಿಸಬೇಡಿ. ಅದು ದೂರಲ್ಲ, ಬಿರುದು. ಯಾವ ಹಾಡುಗಾರನಿಗೆ ಆ ಮಾತು ಬರಲಿಲ್ಲವೋ ಅವನು ಆ ರಾತ್ರಿ ಸೋತ ಎಂದು ತಿಳಿಯಿರಿ.

ಪೆಟ್ಟಿಗೆಯೊಳಗೆ ಏನೇನಿದೆ

ಒಂದು ಪೆಂಡಾಲು, ಮೂರು ಕಡೆ ತೆರೆದದ್ದು. ಒಂದು ಪೇಟಿ, ಒಂದು ಜೋಡಿ ತಬಲಾ, ತಾಳ, ದಮ್ಮಡಿ. ಹಿಂಬದಿಯ ಬ್ಯಾನರಿನಲ್ಲಿ ದೇವರಿಗಿಂತ ದೊಡ್ಡದಾಗಿ ದಾನಿಗಳು. ತಂಬೂರಿಯ ಬದಲು ಕರೆಂಟಿಗೆ ಚುಚ್ಚಿದ ಎಲೆಕ್ಟ್ರಾನಿಕ್ ಡಬ್ಬಿ. ನಿಜವಾದ ತಂಬೂರಿ ಒಂದು ಇದ್ದೇ ಇರುತ್ತದೆ, ಆದರೆ ಚೆಂಡುಹೂವಿನ ಮಾಲೆ ಹಾಕಿಸಿಕೊಂಡು ಗುರುಗಳ ಫೋಟೋದ ಪಕ್ಕ ಒರಗಿ ನಿಂತಿರುತ್ತದೆ. ಅದನ್ನು ಮರೆಯಬೇಡಿ, ಮುಂದೆ ಬೇಕಾಗುತ್ತದೆ.

ಪೆಟ್ಟಿಗೆಯಲ್ಲಿ ಇಲ್ಲದ್ದು, ನೀವೇ ತರಬೇಕಾದದ್ದು: ಕಂಬಳಿ, ಕಿವಿಗೆ ಸುತ್ತುವ ಟವೆಲ್ಲು, ಚುರುಮುರಿ. ಮಿರ್ಚಿಭಜಿ ಪೆಂಡಾಲಿನ ಹಿಂದೆಯೇ ಸಿಗುತ್ತದೆ. ಆದರೆ ರಾತ್ರಿ ಒಂದರ ಮೇಲೆ ತಿಂದ ಮಿರ್ಚಿ ಬೆಳಗಿನವರೆಗೂ ಹೊಟ್ಟೆಯಲ್ಲಿ ತಾನೇ ಒಂದು ದ್ರುತ್ ಬಂದಿಶ್ ಹಾಡುತ್ತಿರುತ್ತದೆ.

ಜೋಡಿಸುವ ಕ್ರಮ

ಮೊದಲು ಜಾಗ. ಮುಂದಿನ ಎರಡು ಸಾಲು ಕುರ್ಚಿ ಗಣ್ಯರದು. ಅತ್ತ ನೋಡಬೇಡಿ, ಹತ್ತೂವರೆಗೆ ಅವೆಲ್ಲ ಖಾಲಿಯಾಗುತ್ತವೆ. ಗಣ್ಯರು ಬರುವುದು ಶಾಲು ಹೊದೆಯಲಿಕ್ಕೆ. ಹೊದ್ದ ಶಾಲು ಬೆಚ್ಚಗಾಗುತ್ತಲೇ ಅವರಿಗೆ ಇನ್ನೊಂದು ಊರಿನ ಕಾರ್ಯಕ್ರಮ ನೆನಪಾಗುತ್ತದೆ. ನೀವು ಕಂಬವೊಂದನ್ನು ಹಿಡಿಯಿರಿ. ಬೆನ್ನಿಗೆ ಕಂಬ ಸಿಕ್ಕವನಿಗೆ ಅರ್ಧ ರಾತ್ರಿ ಗೆದ್ದಂತೆ. ನರಗುಂದದ ಕಡೆಯವರಿಗೆ ಕಂಬವೂ ಬೇಡ. 2015ರಲ್ಲಿ ಶುರುವಾದ ಮಹದಾಯಿ ಧರಣಿಯಲ್ಲಿ ವರ್ಷಗಟ್ಟಲೆ ಕೂತ ಊರದು. ಒಂದು ರಾತ್ರಿ ಚಕ್ಕಳಮಕ್ಕಳ ಹಾಕುವುದು ಅವರಿಗೆ ಯಾವ ಲೆಕ್ಕ? ನೀರಿಗಾಗಿ ಕೂತವರು ಸ್ವರಕ್ಕಾಗಿ ಕೂತಾಗ ಮುಖದಲ್ಲಿ ಅದೇ ಹಟ ಇರುತ್ತದೆ. ಹಾಡುಗಾರ ನಡುವೆ ನಿಲ್ಲಿಸಿದರೆ ಅದನ್ನೂ ಒಂದು ಒಪ್ಪಂದಭಂಗ ಎಂದೇ ತಿಳಿಯುತ್ತಾರೆ.

ಆಮೇಲೆ ಮೈಕಿನವನು. "ಹಲೋ, ಹಲೋ, ಮೈಕ್ ಟೆಸ್ಟಿಂಗ್" ಎಂಬುದು ಅಂದಿನ ಮೊದಲ ಆಲಾಪ. ಅವನ ಮುಂದಿನ ಪೆಟ್ಟಿಗೆಯಲ್ಲಿ ಎಕೋ ಎಂಬ ಗುಂಡಿ ಉಂಟು. ಅದನ್ನು ಅವನು ಪ್ರೀತಿಯಿಂದ ಬಲಕ್ಕೆ ತಿರುಗಿಸುತ್ತಾನೆ, ಹಾಡುಗಾರ ತೆಗೆದುಕೊಂಡ ಒಂದು ತಾನ್ ನಿಮಗೆ ಎರಡಾಗಿ ಮುಟ್ಟುತ್ತದೆ. ಒಂದಕ್ಕೆ ಎರಡು ಕೊಟ್ಟರೆ ಬೇಡ ಎನ್ನುವವರುಂಟೆ? ಹಾಡುಗಾರ ಎಡಗೈ ಬೀಸಿ ಕಡಿಮೆ ಮಾಡು ಎಂದರೆ, ಮೆಚ್ಚಿ ಕೈಬೀಸಿದರೆಂದು ತಿಳಿದು ಇನ್ನೂ ತಿರುಗಿಸುತ್ತಾನೆ.

ತಬಲಾ ಸುರ ಹಚ್ಚುವುದು ತಡವಾದರೆ ಬೈಯಬೇಡಿ. ಪೌಷದ ರಾತ್ರಿ ಇಬ್ಬನಿ ಬೀಳತೊಡಗಿದಂತೆ ತಬಲಾದ ಚರ್ಮ ತೇವ ಹೀರಿ ಸಡಿಲಾಗಿ ಸ್ವರ ಕೆಳಗಿಳಿಯುತ್ತದೆ. ಅದೇ ಚಳಿಗೆ ತಂಬೂರಿಯ ಲೋಹದ ತಂತಿ ಸೆಡೆತು ಸ್ವರ ಮೇಲೇರುತ್ತದೆ. ಒಂದೇ ಹವೆ ಇಬ್ಬರನ್ನು ಎರಡು ದಿಕ್ಕಿಗೆ ಎಳೆಯುವಾಗ ನಡುವೆ ಕೂತ ಮಾಸ್ತರರು ಸುತ್ತಿಗೆ ಹಿಡಿದು ಸಂಸಾರ ಸರಿಪಡಿಸುತ್ತಿರುತ್ತಾರೆ. ಅದಕ್ಕೂ ಒಂದು ಚಪ್ಪಾಳೆ ಕೊಡಬಹುದು, ಯಾರೂ ಕೊಡುವುದಿಲ್ಲ.

ಮೆಚ್ಚುಗೆ ಸೂಚಿಸುವ ಬಗೆ

"ಹೌದ ಹುಲಿಯಾ!" ದೊಡ್ಡಾಟ, ಭಜನಿ ಪದದ ಕಣದಲ್ಲಿ ಬೆಳೆದ ಕೂಗು. 2019ರಲ್ಲಿ ಒಂದು ರಾಜಕೀಯ ಭಾಷಣದ ನಡುವೆ ಯಾರೋ ಇದನ್ನು ಕೂಗಿದ್ದೇ ಫೋನುಗಳಲ್ಲಿ ಹರಿದಾಡಿ ನಾಡಿಗೆಲ್ಲ ಪರಿಚಯವಾಯಿತು. ಅಂದಿನಿಂದ ಹುಡುಗರು ಇದನ್ನು ಎಲ್ಲೆಂದರಲ್ಲಿ ಬಳಸುತ್ತಿದ್ದಾರೆ. ತತ್ವಪದಕ್ಕೆ ಸರಿ. ಶರೀಫರ ಪದದ ಕೊನೆಯ ಸೊಲ್ಲಿಗೆ ಅದು ಬೀಳದಿದ್ದರೆ ಪದವೇ ಅರ್ಧವಾದಂತೆ. ಆದರೆ ವಿಲಂಬಿತ ಏಕತಾಲದಲ್ಲಿ ಬಡಾ ಖ್ಯಾಲ್ ನಡೆಯುತ್ತಿರುವಾಗ ತುಸು ತಾಳ್ಮೆ ಬೇಕು. ಅಲ್ಲಿ ಹನ್ನೆರಡು ಮಾತ್ರೆಯ ಒಂದು ಆವರ್ತನ ಮುಗಿಯಲು ಮುಕ್ಕಾಲು ನಿಮಿಷವೋ ಒಂದು ನಿಮಿಷವೋ ಹಿಡಿಯುತ್ತದೆ. ನಡುವೆ ಕೂಗಿದರೆ ಹುಲಿ ಬರುವಷ್ಟರಲ್ಲಿ ಕೂಗಿದವನಿಗೆ ಮುಜುಗರ ಬಂದಿರುತ್ತದೆ. ಆವರ್ತನ ಬಂದು ಬೀಳುವ ಸಮ್ ಎಲ್ಲಿ ಎಂದು ಗೊತ್ತಾಗದಿದ್ದರೆ ಗಜೇಂದ್ರಗಡದ ನೇಕಾರ ಹಿರಿಯರ ಪಕ್ಕ ಕೂತುಕೊಳ್ಳಿ. ಪಟ್ಟೇದಂಚಿನ ಸೀರೆ ನೇಯುತ್ತ ಮಗ್ಗದ ಸದ್ದಿನಲ್ಲೇ ಕೂದಲು ಹಣ್ಣಾದವರು. ಅವರ ತಲೆ ಎಲ್ಲಿ ಕೆಳಗೆ ಬೀಳುತ್ತದೆಯೋ ಅದೇ ಸಮ್. (ಎರಡರ ಮೇಲೆ ಈ ಸೂಚನೆ ನಂಬಬೇಡಿ. ಆಗ ತಲೆ ಬೇರೆ ಕಾರಣಕ್ಕೆ ಬೀಳುತ್ತಿರುತ್ತದೆ.)

ಕಲಾಕಾಣಿಕೆ ಕೊಡುವವರು ಹಾಡಿನ ನಡುವೆ ವೇದಿಕೆ ಹತ್ತಿ, ಐವತ್ತರ ನೋಟನ್ನು ಗಾಯಕರ ಎದೆಗೆ ಪಿನ್ನಿನಿಂದ ಚುಚ್ಚಿ, ಹೆಸರು ಕೂಗಿಸಿ ಇಳಿಯುವ ಪದ್ಧತಿ ಇದೆ. ತಾರಷಡ್ಜಕ್ಕೆ ಹೋಗಿ ನಿಂತವನ ಎದೆಗೆ ಪಿನ್ನು ಹಿಡಿದು ಹೋಗುವುದು ಅಪಾಯಕಾರಿ ಎಂದು ತಯಾರಕರು ಎಚ್ಚರಿಸಬಯಸುತ್ತಾರೆ.

ಚಲಾಯಿಸುವ ವೇಳೆ: ರಾಗದ ಗಡಿಯಾರ, ಸರ್ಕಾರದ ಗಡಿಯಾರ

ಇಲ್ಲಿ ತುಸು ನಿಧಾನಿಸಿ ಓದಬೇಕು.

ಹಿಂದೂಸ್ತಾನಿ ಪದ್ಧತಿಯಲ್ಲಿ ದಿನಕ್ಕೆ ಎಂಟು ಪ್ರಹರ, ಪ್ರಹರಕ್ಕೆ ಮೂರು ತಾಸು, ಒಂದೊಂದಕ್ಕೂ ಅದರದೇ ರಾಗಗಳು. ಯಮನ್ ದೀಪ ಹಚ್ಚುವ ಹೊತ್ತಿನದು. ಬಾಗೇಶ್ರೀ ಊರು ಮಲಗುವಾಗಿನದು. ದರಬಾರಿ ನಡುರಾತ್ರಿಯದು, ಮಾಲಕಂಸ್ ಅದರ ಆಚೀಚೆ. ಸೋಹನಿ, ಲಲಿತ ಕೋಳಿ ಕೂಗುವ ಮುಂಚಿನವು. ಭಟಿಯಾರ, ಭೈರವ ಬೆಳಕು ಹರಿಯುವಾಗಿನವು. ಕರ್ನಾಟಕ ಸಂಗೀತದವರು ಇಷ್ಟು ಗಡಿಯಾರ ನೋಡುವುದಿಲ್ಲ. ನಮ್ಮ ಕಡೆ ಗವಾಯಿಗಳು ಮಧ್ಯಾಹ್ನ ನೆನಪಿಗೆ ಬಂದ ದರಬಾರಿಯನ್ನು ಮನಸ್ಸಿನಲ್ಲಿ ಗುನುಗಿದರೂ ಕಿವಿ ಮುಟ್ಟಿಕೊಳ್ಳುತ್ತಾರೆ. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು 1937ರ ಅಕ್ಟೋಬರಿನಲ್ಲಿ ಪಾಂಡಿಚೇರಿಗೆ ಹೊರಟವರು, ದಾರಿಯಲ್ಲಿ ಎದೆನೋವಾಗಿ ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ಸ್ಟೇಶನ್ನಿನಲ್ಲಿ ಇಳಿದು, ತಂಬೂರಿ ಹಚ್ಚಿಸಿ, ದರಬಾರಿಯಲ್ಲೇ ದೇವರ ಹೆಸರು ಹೇಳುತ್ತ ಕಣ್ಣು ಮುಚ್ಚಿದರು ಎಂದು ಹೇಳುತ್ತಾರೆ. ರೇಲ್ವೆ ಪ್ಲಾಟ್‌ಫಾರ್ಮಿನಲ್ಲಿ ಕೊನೆಯುಸಿರೆಳೆಯುವಾಗಲೂ ರಾತ್ರಿಯ ರಾಗ ರಾತ್ರಿಗೇ ಒದಗಿತ್ತು.

ಈಗ ಇನ್ನೊಂದು ಗಡಿಯಾರ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ಹಬ್ಬ, ಉತ್ಸವಗಳಿಗೆ ಸರ್ಕಾರ 12ರವರೆಗೆ ಸಡಿಲಿಸಬಹುದು, ಅದೂ ವರ್ಷಕ್ಕೆ 15 ದಿನ ಮೀರದಂತೆ. ಮುಚ್ಚಿದ ಸಭಾಂಗಣಕ್ಕೆ ವಿನಾಯಿತಿ ಉಂಟು. 2005ರಲ್ಲಿ ಸುಪ್ರೀಂ ಕೋರ್ಟು ಇದಕ್ಕೆ ಇನ್ನಷ್ಟು ಬಿಗಿ ಕೊಟ್ಟಿತು. ನಾನು ಈ ಕಾನೂನಿನ ಪರ. ನಮ್ಮ ಮನೆಯ ಹಿಂದೆ ಡಿಜೆ ಬಂದು ನಿಂತ ರಾತ್ರಿ ಅಟ್ಟದ ಮೇಲಿನ ತಾಮ್ರದ ಕೊಡಗಳು ತಾವೇ ಸಮ್ ಹಾಕುತ್ತಿದ್ದವು. ಬಾಣಂತಿಯರಿಗೆ, ಪರೀಕ್ಷೆಗೆ ಓದುವ ಹುಡುಗರಿಗೆ ನಿದ್ದೆ ಬೇಡವೆ? ಬೇಕು. ಆದರೆ ಲೆಕ್ಕ ಹಾಕಿ ನೋಡಿ: ಎಂಟು ತಾಸು ಎಂದರೆ ಎರಡೂ ಮುಕ್ಕಾಲು ಪ್ರಹರದ ಹತ್ತಿರ. ಅಷ್ಟೂ ಪ್ರಹರದ ರಾಗಗಳು ಬಯಲಿನಲ್ಲಿ ಕಾನೂನುಬಾಹಿರವಾದವು. ಕಳ್ಳನಿಗೂ ಲಲಿತನಿಗೂ ಒಂದೇ ಹೊತ್ತು, ಇಬ್ಬರ ಮೇಲೂ ಒಂದೇ ಕಣ್ಣು. ಭೀಮಸೇನರು ತಮ್ಮ ಗುರು ಸವಾಯಿ ಗಂಧರ್ವರ ಹೆಸರಿನಲ್ಲಿ ಪುಣೆಯಲ್ಲಿ ಬೆಳೆಸಿದ ಉತ್ಸವ ಮೊದಲು ರಾತ್ರಿಯಿಡೀ ನಡೆಯುತ್ತಿತ್ತು. ಈ ನಿಯಮಗಳು ಬಂದ ಮೇಲೆ ಅದೂ ಹೊತ್ತು ಬದಲಿಸಿಕೊಳ್ಳಬೇಕಾಯಿತು. ಅಹೋರಾತ್ರಿ ಸಂಗೀತ ನಡೆಯುವ ಕುಂದಗೋಳದ ನಾಡಗೀರ ವಾಡೆ ಬಚಾವಾದದ್ದು ಅದಕ್ಕೆ ಗೋಡೆ ಇರುವುದರಿಂದ. ನಮ್ಮ ಹಳ್ಳಿಗಳಿಗೆ ಗೋಡೆ ಎಲ್ಲಿಂದ ತರೋಣ? ಸಭಾಂಗಣದಲ್ಲಿ ಏಳು ಗಂಟೆಗೆ ಮಾಲಕಂಸ್ ಹಾಡಿ ಕ್ಷಮೆ ಕೇಳುವ ಕಲಾವಿದರನ್ನು ನೋಡಿದ್ದೇನೆ. ಅಮಾವಾಸ್ಯೆಯಂದು ಹೋಳಿಗೆ ಊಟಕ್ಕೆ ಕರೆದು ಯುಗಾದಿ ಎಂದಂತೆ.

ಹೀಗಾಗಿ ಹಳ್ಳಿಯ ಕಮಿಟಿಯವರು ಒಂದು ರಾಜಿ ಕಂಡುಕೊಂಡಿದ್ದಾರೆ. ಹನ್ನೆರಡಾಗುತ್ತಲೇ ಗುಡಿಯ ಶಿಖರಕ್ಕೆ ಕಟ್ಟಿದ ಕೊಂಬಿನ ಸ್ಪೀಕರು ಬಂದ್, ವೇದಿಕೆಯ ಮೇಲಿನ ಎರಡು ಡಬ್ಬಿ ಮಾತ್ರ, ಅದೂ ಸಣ್ಣಗೆ. ಬಯಲುಸೀಮೆಯ ರಾತ್ರಿಗೆ ಅಷ್ಟು ಸಾಕು. ಹಗಲು ಬಿಸಿಲಿಗೆ ಕಾದ ಎರೆಹೊಲದ ಮೇಲೆ ಸದ್ದು ಆಕಾಶಕ್ಕೆ ಬಾಗಿ ಹೋಗುತ್ತದೆ. ರಾತ್ರಿ ನೆಲ ಬೇಗ ತಣ್ಣಗಾಗಿ ಮೇಲಿನ ಗಾಳಿ ಬೆಚ್ಚಗೆ ಉಳಿದಾಗ ಅದೇ ಸದ್ದು ಕೆಳಗೆ ಬಾಗಿ ಹೊಲದ ಮೇಲೇ ತೆವಳಿಕೊಂಡು ದೂರ ಹೋಗುತ್ತದೆ. ನಮ್ಮ ಅಜ್ಜಿ ನರೇಗಲ್ಲಿನ ದಾರಿಯ ಊರಲ್ಲಿ ಭಜನಿ ನಡೆದರೆ ತಮ್ಮ ಊರ ಹಾಸಿಗೆಯಲ್ಲಿ ಮಲಗಿಯೇ ತಪ್ಪು ಹಿಡಿಯುತ್ತಿದ್ದಳು. ಆಗ ಮೈಕೂ ಇರಲಿಲ್ಲ.

ಎಚ್ಚರಿಕೆ: ನಿದ್ದೆ

ಎಲ್ಲ ಕೈಪಿಡಿಗಳೂ ಇಲ್ಲಿ ಚಹಾ ಕುಡಿಯಿರಿ, ಮುಖಕ್ಕೆ ನೀರು ಹೊಡೆಯಿರಿ ಎನ್ನುತ್ತವೆ. ಈ ಕೈಪಿಡಿ ಹಾಗೆನ್ನುವುದಿಲ್ಲ. ಮಲಗಿರಿ.

ನಿದ್ದೆಯನ್ನು ಅಹೋರಾತ್ರಿಯ ಶತ್ರು ಎಂದು ನಾನು ಬಹಳ ವರ್ಷ ತಿಳಿದಿದ್ದೆ. ತೊಡೆ ಚಿವುಟಿಕೊಂಡು, ತಂಬಾಕಿನವರ ಪಕ್ಕ ಕೂತು ಘಾಟು ಎಳೆದುಕೊಂಡು ಎಚ್ಚರವಿದ್ದೆ. ಆ ರಾತ್ರಿಗಳಲ್ಲಿ ಏನು ಕೇಳಿದೆ ಎಂದು ಕೇಳಿದರೆ ನೆನಪಿರುವುದು ತೊಡೆ ಮಾತ್ರ. ಎಚ್ಚರವಿರುವ ಮನಸ್ಸು ಭಾರಿ ಕಿರಿಕಿರಿಯದು: ಇದು ಯಾವ ರಾಗ, ಆ ನಿಷಾದ ಸರಿಯಿತ್ತೇ, ನಾಳೆ ಬ್ಯಾಂಕಿಗೆ ಹೋಗಬೇಕಲ್ಲ. ಅರೆನಿದ್ದೆಯ ಕಿವಿ ಏನೂ ಕೇಳುವುದಿಲ್ಲ, ಬಂದದ್ದನ್ನೆಲ್ಲ ಒಳಗೆ ಬಿಟ್ಟುಕೊಳ್ಳುತ್ತದೆ.

ಇದಕ್ಕೆ ಅತ್ಯುತ್ತಮ ಬಳಕೆದಾರನ ಉದಾಹರಣೆ ಭೀಮಸೇನರೇ. ಚಿಕ್ಕ ಹುಡುಗನಾಗಿದ್ದಾಗ ಭಜನೆಯೋ ಮೆರವಣಿಗೆಯ ವಾದ್ಯವೋ ಹಾದುಹೋದರೆ ಸಾಕು, ಹಿಂದೆ ಹೊರಟುಬಿಡುತ್ತಿದ್ದರು. ದಣಿದಲ್ಲಿ ಎಲ್ಲೋ ಮಲಗುತ್ತಿದ್ದರು. ಹುಡುಕಿ ಹುಡುಕಿ ಸಾಕಾದ ತಂದೆ ಗುರುರಾಜ ಮಾಸ್ತರರು ಮಗನ ಅಂಗಿಯ ಮೇಲೆ ಇಂತಹ ಜೋಶಿ ಮಾಸ್ತರರ ಮಗ ಎಂದು ಬರೆಸಿದರಂತೆ. ಸಿಕ್ಕವರು ಎತ್ತಿಕೊಂಡು ಮನೆಗೆ ತಂದು ಬಿಡುತ್ತಿದ್ದರು. ವಿಳಾಸ ಸಮೇತ ಕಳಿಸಿ, ನಿದ್ದೆ ಸಮೇತ ವಾಪಸು. ಈ ಸೌಲಭ್ಯ 1933ರವರೆಗೆ ಕೆಲಸ ಮಾಡಿತು. ಆ ವರ್ಷ ಹನ್ನೊಂದರ ಹುಡುಗ ಊಟದಲ್ಲಿ ತುಪ್ಪ ಸಿಗಲಿಲ್ಲವೆಂದು ಮುನಿದು ಗುರುವನ್ನು ಹುಡುಕುತ್ತ ರೈಲು ಹತ್ತಿದ. ಟಿಕೆಟ್ ಕೇಳಿದವರಿಗೆ ಹಾಡು ಹೇಳಿ ಗ್ವಾಲಿಯರ್, ಜಲಂಧರ್ ಎಲ್ಲ ಸುತ್ತಿದ. ಕೊನೆಗೆ ಗುರು ಸಿಕ್ಕಿದ್ದು ಮನೆಯ ಹಿತ್ತಿಲಿನಂಥ ಕುಂದಗೋಳದಲ್ಲಿ. ಅಂಗಿಯ ಮೇಲೆ ಆ ವಿಳಾಸ ಇದ್ದಿದ್ದರೆ ದೇಶದ ರೇಲ್ವೆಗೆ ಒಂದಿಷ್ಟು ಲಾಭವಾಗುತ್ತಿತ್ತು, ನಮಗೆ ನಷ್ಟ.

ಕಣ್ಣು ಮುಚ್ಚಿದಾಗ ಕೆಲಸವಾಗುವುದು ಈ ಸೀಮೆಗೆ ಹೊಸದೂ ಅಲ್ಲ. ಗಜೇಂದ್ರಗಡದ ಬಳಿಯ ಕಾಲಕಾಲೇಶ್ವರನ ಗುಡಿಯಲ್ಲಿ ಯುಗಾದಿಯ ಹಿಂದಿನ ರಾತ್ರಿ ಸುಣ್ಣ ಕಲಸಿಟ್ಟು ಬಾಗಿಲು ಹಾಕಿ ಬಂದರೆ ಬೆಳಗಾಗುವಷ್ಟರಲ್ಲಿ ಗುಡಿಗೆ ಸುಣ್ಣ ಬಳಿದಿರುತ್ತದೆ ಎಂಬ ನಂಬಿಕೆ ಉಂಟು. ಯಾರು ಬಳಿದರೆಂದು ಎಚ್ಚರವಿದ್ದು ನೋಡಲು ಯಾರೂ ಹೋಗುವುದಿಲ್ಲ. ಅಲ್ಲೇ ಅಂತರಗಂಗೆಯ ನೀರು ವರ್ಷವಿಡೀ ಅರಳಿಯ ಬೇರಿನಿಂದ ತೊಟ್ಟಿಕ್ಕುತ್ತಿರುತ್ತದೆ, ಕೇಳುವವರು ಇರಲಿ, ಬಿಡಲಿ.

ಪ್ರಾಯೋಗಿಕ ಬಳಕೆಯ ಒಂದು ವರದಿ

ರೋಣದ ಕಡೆಯ ಒಂದು ಹಳ್ಳಿ. ಊರ ಹೆಸರು ಬೇಡ, ಕರೆಂಟಿನ ವಿಷಯ ಬರುತ್ತದೆ. ಕರಪತ್ರದಲ್ಲಿ ದೊಡ್ಡ ಅಕ್ಷರದ ಗಾಯಕರೊಬ್ಬರಿದ್ದರು. ಅವರಿಗಾಗಿ ನಾನು ಬಸ್ಸು ಬದಲಿಸಿ ಹೋಗಿದ್ದೆ. ಸನ್ಮಾನದ ಶಾಲುಗಳು ಮುಗಿದು ಅವರು ಕೂತಾಗ ಹನ್ನೊಂದೂವರೆ. ಬಾಗೇಶ್ರೀ ಎತ್ತಿಕೊಂಡರು. ಚೆನ್ನಾಗಿಯೇ ಇತ್ತು, ನಾನು ಟಿಪ್ಪಣಿ ಮಾಡಿಕೊಂಡೆ. ಆಮೇಲೆ ಚೀಟಿಗಳ ಮಳೆ: ಅದು ಹಾಡ್ರಿ, ಇದು ಹಾಡ್ರಿ, ಭೀಮಣ್ಣಾರ ಲಕ್ಷ್ಮೀ ಪದ ಹಾಡ್ರಿ. ಅವರು ನಾಲ್ಕು ಚೀಟಿಗೆ ಹಾಡಿ ಎರಡರ ಹೊತ್ತಿಗೆ ಕಾರು ಹತ್ತಿದರು. ಅವರ ಹಿಂದೆ ಅರ್ಧ ಪೆಂಡಾಲು ಎದ್ದಿತು. ನನಗೆ ಬಸ್ಸು ಇರಲಿಲ್ಲ. ಕಂಬಕ್ಕೆ ಒರಗಿ ಕಂಬಳಿ ಎಳೆದುಕೊಂಡೆ.

ಎಚ್ಚರವಾದದ್ದು ಸದ್ದಿಗಲ್ಲ, ಸದ್ದು ನಿಂತದ್ದಕ್ಕೆ. ಕರೆಂಟು ಹೋಗಿತ್ತು. ಮೈಕು ಸತ್ತಿತ್ತು, ಸುರದ ಡಬ್ಬಿ ಸತ್ತಿತ್ತು. ಕತ್ತಲು ಎಂದರೆ ಕತ್ತಲು. ದೂರ ಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳ ಕೆಂಪು ದೀಪ ಮಿಣುಕುತ್ತಿದ್ದವು. ವೇದಿಕೆಯ ಮೇಲೆ ಯಾರೋ ಹುಡುಗನೊಬ್ಬ ಹಾಡಲು ಕೂತಿದ್ದನಂತೆ, ಆಶ್ರಮದಲ್ಲಿ ಕಲಿತವನು. ಹೆಸರು ಕೂಗಿದಾಗ ನಾನು ಮಲಗಿದ್ದೆ. ಮೊಬೈಲ್ ಬೆಳಕು ಹಿಡಿದ ಕಮಿಟಿಯವರು, "ತಮ್ಮಾ, ಕರೆಂಟ ಬರೂತನಾ ತಡಿ, ಕತ್ತಲಾಗೈತಿ" ಎಂದರು. ಹುಡುಗ, "ಎಲ್ಲಿ?" ಎಂದ. ಅವನಿಗೆ ಕಣ್ಣಿರಲಿಲ್ಲ.

ಆಮೇಲೆ ಅವನು ಕೇಳಿದ್ದು ತಂಬೂರಿಯನ್ನು. ಡಬ್ಬಿಯ ತಂಬೂರಿ ಅಲ್ಲ, ಫೋಟೋದ ಪಕ್ಕ ಮಾಲೆ ಹಾಕಿಸಿಕೊಂಡು ನಿಂತದ್ದನ್ನು. ಯಾರೋ ಮಾಲೆ ತೆಗೆದು ಕೊಟ್ಟರು. ಬಹಳ ದಿನದಿಂದ ಪೂಜೆಯಾಗಿದ್ದ ವಾದ್ಯ, ತಂತಿಯಲ್ಲಿ ಕುಂಕುಮ ಸಿಕ್ಕಿಕೊಂಡಿರಬೇಕು, ಮೊದಲ ಮೀಟಿಗೆ ಕೆಮ್ಮಿತು. ಅವನು ಬಿರಡೆಗಳನ್ನು ತಿರುವುತ್ತ ಹೋದ. ಇಡೀ ಪೆಂಡಾಲಿನಲ್ಲಿ ಬೆಳಕು ಬೇಕಿಲ್ಲದ ಕೈ ಅದೊಂದೇ. ನಾವು ಇಪ್ಪತ್ತೋ ಮೂವತ್ತೋ ಜನ ಉಳಿದಿದ್ದೆವು. ಯಾರೂ ಹೇಳಲಿಲ್ಲ, ಆದರೂ ಎಲ್ಲರೂ ಕಂಬಳಿ ಸಮೇತ ಮುಂದಕ್ಕೆ ಸರಿದೆವು. ಗಣ್ಯರ ಕುರ್ಚಿಗಳನ್ನು ದಾಟಿ ವೇದಿಕೆಯ ಅಂಚಿಗೆ.

ಮೊದಲ ತಂತಿಯನ್ನು ಅವನು ಪಂಚಮಕ್ಕೆ ಬಿಡದೆ ಮಧ್ಯಮಕ್ಕೆ ಇಳಿಸುವುದು ಕೇಳಿಸಿತು. ಪಂಚಮ ಬೇಡವೆಂದರೆ ಮಾಲಕಂಸ್ ಇರಬೇಕು ಎಂದುಕೊಂಡೆ. ಆದರೆ ಆಗಲೇ ನಾಲ್ಕರ ಮೇಲಾಗಿತ್ತು, ಹುಡುಗನಿಗೆ ಹೊತ್ತು ನಮಗಿಂತ ಚೆನ್ನಾಗಿ ಗೊತ್ತಿತ್ತು. ಲಲಿತ. ಎರಡೂ ಮಧ್ಯಮ ಒಂದರ ಮಗ್ಗುಲಿಗೆ ಒಂದು ಬರುವ ರಾಗ. ರಾತ್ರಿ ಇನ್ನೂ ಹೋಗಿಲ್ಲ, ಬೆಳಗು ಇನ್ನೂ ಬಂದಿಲ್ಲ, ಇಬ್ಬರೂ ಒಂದೇ ಹೊಸ್ತಿಲ ಮೇಲೆ ನಿಂತು ನೀನು ಮೊದಲು, ನೀನು ಮೊದಲು ಎನ್ನುವ ಹಾಗೆ. ಕಲಿತವರು ಬೇರೆ ರೀತಿ ಹೇಳಬಹುದು, ನನಗೆ ಅಂದು ಕೇಳಿಸಿದ್ದು ಹೀಗೆ. ದನಿ ದೊಡ್ಡದೇನಲ್ಲ. ಎರಡನೆಯ ಸಾಲಿಗೆ ಮುಟ್ಟುವಷ್ಟು. ಎಕೋ ಇಲ್ಲದೆ ಒಂದು ತಾನ್ ಒಂದೇ ಆಗಿ ಬಂತು. ಯಾವ ನಿಯಮವೂ ಮುರಿಯಲಿಲ್ಲ, ಯಾವ ಮೈಕೂ ಇರಲಿಲ್ಲ, ರಾಗ ತನ್ನ ಹೊತ್ತಿಗೆ ತಾನು ಬಂದಿತ್ತು. ನಾನು ಟಿಪ್ಪಣಿ ಪುಸ್ತಕ ಹುಡುಕಲಿಲ್ಲ. ನಡುವೆ ಎರಡು ಸಲ ಮತ್ತೆ ಜೋಂಪು ಹತ್ತಿತು. ಒಳಗೂ ಅದೇ ನಡೆದಿತ್ತು, ಹೊರಗೆ ಬಂದಾಗ ಇನ್ನೂ ಅಲ್ಲೇ ಇತ್ತು. ಯಾರೂ ವಾಹ್ ಎನ್ನಲಿಲ್ಲ, ಹುಲಿಯಾ ಎನ್ನಲಿಲ್ಲ. ಭೀಮಣ್ಣಾರು ಹಿಂಗ ಹಾಡ್ತಿರಲಿಲ್ಲ ಎಂದೂ ಯಾರೂ ಅನ್ನಲಿಲ್ಲ. ಆಗಲೇ ನನಗೆ ಸ್ವಲ್ಪ ಭಯವಾದದ್ದು.

ಮುಗಿದಾಗ ಬೆಳಗು ಮೂಡಿತ್ತು. ಕರೆಂಟು ಬಂತು, ಡಬ್ಬಿಯ ತಂಬೂರಿ ತನ್ನಷ್ಟಕ್ಕೆ ಪಂಚಮದಲ್ಲಿ ಕುಯ್ಯೆಂದಿತು. ಹುಡುಗ ನಕ್ಕ. ಬಸ್ ಸ್ಟ್ಯಾಂಡಿಗೆ ಕಡಲೆ ಹೊಲದ ಬದುವಿನ ಮೇಲೆ ನಡೆದು ಹೋದೆ. ಹುಳಿ ಹಿಡಿಯಲು ಗಿಡಗಳ ಮೇಲೆ ಬಿಳಿ ಬಟ್ಟೆ ಹಾಸಿದ್ದರು. ರಾತ್ರಿಯಿಡೀ ಅದು ಇಬ್ಬನಿ ಕುಡಿದು ಭಾರವಾಗಿತ್ತು. ಹಿಂಡುವವರು ಇನ್ನೂ ಬಂದಿರಲಿಲ್ಲ.

ದೋಷಗಳು ಮತ್ತು ಪರಿಹಾರ

ಪಕ್ಕದವರ ಗೊರಕೆ ರಾಗದ ಷಡ್ಜಕ್ಕೆ ಕೂಡಿಬರದಿದ್ದರೆ: ಮಗ್ಗುಲು ಬದಲಿಸಿ. ನಿಮ್ಮದಲ್ಲ, ಅವರದು.

ಕೇಳಿದ್ದು ಮನೆಗೆ ಬಂದು ಹಾಡಿ ತೋರಿಸಲು ಹೋದಾಗ ಬಾರದಿದ್ದರೆ: ಇದು ದೋಷವಲ್ಲ.

ಕಲಾವಿದರ ಹೆಸರು ಗೊತ್ತಿಲ್ಲದಿದ್ದರೆ: ಸೇವಾ ಕೇಂದ್ರವನ್ನು ಸಂಪರ್ಕಿಸಿ.

ಸೇವಾ ಕೇಂದ್ರ

ಮರುವರ್ಷ ಆ ಹಳ್ಳಿಗೆ ಹೋಗಿ ಕಮಿಟಿಯ ಹಿರಿಯರನ್ನು ಗುಡಿಯ ಕಟ್ಟೆಯ ಮೇಲೆ ಹಿಡಿದೆ. ಹೋದ ವರ್ಷ ಕರೆಂಟು ಹೋದಾಗ ಹಾಡಿದ ಹುಡುಗ ಯಾರು ಎಂದು ಕೇಳಿದೆ. ಅವರು ಕರಪತ್ರ ಹುಡುಕಿಸಿದರು. ಅದರಲ್ಲಿ ದೊಡ್ಡ ಅಕ್ಷರದವರು ಇದ್ದರು, ದಾನಿಗಳು ಇದ್ದರು, ಕೊನೆಗೆ "ಹಾಗೂ ಸಂಗಡಿಗರು" ಎಂದಿತ್ತು.

"ನಿಮಗ ನೆನಪಿಲ್ಲೇನ್ರಿ?" ಎಂದೆ.

"ನಾನೂ ಮಲಗಿದ್ದೆರಿ," ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದ್ರ ಕೇಳೀನಿ" ಎಂದು ಕಣ್ಣು ಮುಚ್ಚಿ, ಗಂಟಲು ಸರಿಮಾಡಿಕೊಂಡು, ಆ ರಾತ್ರಿಯ ಒಂದು ತುಣುಕನ್ನು ಗುನುಗಿ ತೋರಿಸಿದರು. ಅದರಲ್ಲಿ ಪಂಚಮ ಬಿತ್ತು. ನಾನು ತಿದ್ದಲಿಲ್ಲ.